ರಕ್ತದ ರಿಪೋರ್ಟಿನ ಹಿಂದಿಟ್ಟ ಹಾಳೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ನಮ್ಮ ಆಸ್ಪತ್ರೆಯಲ್ಲಿ ಈ ಸಂಗತಿಯನ್ನು ಯಾರಾದರೂ ಹೇಳುವಾಗ ಕತ್ತರಿಯ ದಿನದಿಂದ ಶುರುಮಾಡುತ್ತಾರೆ. ನಾನು ಹಾಗೆ ಶುರುಮಾಡಲಾರೆ. ಕತ್ತರಿಯ ದಿನಕ್ಕಿಂತ ಮೂರು ತಿಂಗಳು ಮೊದಲೇ, ಆ ಗುರುವಾರ, ಒಬ್ಬ ರೋಗಿಯ ಫೈಲಿನಲ್ಲಿ ಎಲ್ಲಕ್ಕೂ ಮೇಲೆ ಇದ್ದ ಒಂದು ಹಾಳೆಯನ್ನು ತೆಗೆದು ರಕ್ತದ ರಿಪೋರ್ಟಿನ ಹಿಂದೆ ಇಟ್ಟೆ. ಹರಿಯಲಿಲ್ಲ, ಬಚ್ಚಿಡಲಿಲ್ಲ, ಬರೀ ಹಿಂದೆ ಇಟ್ಟೆ. ಓ.ಟಿ. ಬಾಗಿಲ ಮೇಲಿನ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಮನುಷ್ಯ ತಪ್ಪು ಮಾಡುವಾಗ ಗಡಿಯಾರ ಯಾಕೆ ನೋಡುತ್ತಾನೋ ತಿಳಿಯದು.

ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸಿಸ್ಟರ್ ಆಗಿದ್ದೆ. ಕಿವಿ, ಮೂಗು, ಗಂಟಲಿನ ಆಸ್ಪತ್ರೆ. ಕೊನೆಯ ಹತ್ತು ಹನ್ನೆರಡು ವರ್ಷ ಮೂಗಿನ ಅಂದ ತಿದ್ದುವ ಆಪರೇಷನ್ನುಗಳೂ ಹೆಚ್ಚಾದವು. ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಹೊಲಿಗೆ, ಡ್ರೆಸ್ಸಿಂಗು, ಹತ್ತಿ ತುಂಬುವುದು ಇವೆಲ್ಲ ಕಾಲೇಜಿನಲ್ಲಿ ಕಲಿತಿರುತ್ತೀರಿ. ಕಾಲೇಜಿನಲ್ಲಿ ಹೇಳದ್ದನ್ನು ಬರೆಯುತ್ತೇನೆ.

ಮೊದಲ ಮಾತು: ಮೂಗು ಚಲೋ ಆಯಿತೋ ಇಲ್ಲವೋ ಎನ್ನುವುದಕ್ಕೂ ರೋಗಿ ಸಂತೋಷಪಟ್ಟನೋ ಇಲ್ಲವೋ ಎನ್ನುವುದಕ್ಕೂ ನೀವು ತಿಳಿದಷ್ಟು ನಂಟಿಲ್ಲ. ಕುಮಾರಪಟ್ಟಣದಿಂದ ಬಂದ ಒಬ್ಬ ಹುಡುಗಿಯ ಮೂಗಿನ ಮೇಲಿನ ಉಬ್ಬನ್ನು ನಮ್ಮ ಡಾಕ್ಟರು ಒಂದು ಕೂದಲೆಳೆಯಷ್ಟು ತೆಗೆದರು. ಮೊದಲಿನ ಫೋಟೊ, ಆಮೇಲಿನ ಫೋಟೊ ಪಕ್ಕಪಕ್ಕ ಇಟ್ಟರೆ ನನಗೇ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಆಕೆ ಮಾತ್ರ ಪ್ರತಿವರ್ಷ ಪಂಚಮಿಗೆ ಉಂಡಿ ಕಟ್ಟಿಸಿಕೊಂಡು ಬರುತ್ತಿದ್ದಳು. ಹೊಸರಿತ್ತಿ ಕಡೆಯ ಒಬ್ಬ ಸೊಸೈಟಿ ಗುಮಾಸ್ತನ ಮೂಗು ನಮ್ಮ ಡಾಕ್ಟರ ಕೈಯ ಅತ್ಯುತ್ತಮ ಕೆಲಸ. ಗೆರೆ ಎಳೆದ ಹಾಗೆ ಕೂತಿತ್ತು. ಆರು ತಿಂಗಳಾದ ಮೇಲೆ ಬಂದು ಸಪ್ಪೆ ಮುಖ ಮಾಡಿಕೊಂಡು ಕೂತ.

"ಯಾಕ್ರಿ, ಮೂಗು ನೆಟ್ಟಗಾಗಿಲ್ಲೇನು?" ಎಂದೆ.

"ಮೂಗು ನೆಟ್ಟಗಾಗೇತ್ರಿ ಸಿಸ್ಟರ್. ಆದ್ರ ಸೆಕ್ರೆಟರಿ ಇನ್ನೂ ನನ್ನ ಮಾತು ಕೇಳವಲ್ಲ."

ನಕ್ಕುಬಿಟ್ಟೆ. ನಗಬಾರದಿತ್ತು. ಅವನು ಮೂಗಿಗೆಂದು ಬಂದಿರಲೇ ಇಲ್ಲ. ಅಂದಿನಿಂದ ನಾನು ಎಲ್ಲರನ್ನೂ ಕೇಳತೊಡಗಿದೆ: ಮೂಗು ಸರಿಹೋದರೆ ಮರುದಿನ ಏನೇನು ಬದಲಾಗಬೇಕು ಅಂತ ಮನಸ್ಸಿನಲ್ಲಿದೆ? ಇನ್ನೊಂದು ನನ್ನದೇ ಪರೀಕ್ಷೆ ಇತ್ತು. ಕೈಗನ್ನಡಿ ಕೊಟ್ಟು, ಎಲ್ಲಿ ತ್ರಾಸು ಇದೆಯೋ ಅಲ್ಲಿ ಒಂದು ಬೆರಳು ಇಡಿ ಎನ್ನುತ್ತಿದ್ದೆ. ಬೆರಳು ಒಂದೇ ಕಡೆ ಕೂತರೆ ಸರಿ. ಮೂಗೆಲ್ಲ ತಿರುಗಾಡಿ, ಗಲ್ಲ, ಗದ್ದ, ಹಣೆಗೆ ಹೋದರೆ ಡಾಕ್ಟರಿಗೆ ಕಣ್ಣಲ್ಲೇ ಹೇಳುತ್ತಿದ್ದೆ: ಬೇಡ. ಅವರು ನಂಬುತ್ತಿದ್ದರು.

ನಾನು ಮಾಡಿದ ಇನ್ನೊಂದು ಕಾಯ್ದೆಯೂ ಇತ್ತು. ಶುರುವಿನ ವರ್ಷಗಳಲ್ಲಿ ಬ್ಯಾಡಗಿಯ ಒಬ್ಬ ಹೆಣ್ಣುಮಗಳಿಗೆ ಆಪರೇಷನ್ ಮಾಡಿ ಎಂಟನೇ ದಿನ ಮನೆಗೆ ಕಳಿಸಿದೆವು. ಮೆಣಸಿನಕಾಯಿ ಮಾರುಕಟ್ಟೆ ತುಂಬಿ ತುಳುಕುವ ದಿನಗಳು. ಬಸ್ಸಿನಿಂದ ಇಳಿದವಳಿಗೆ ಘಾಟು ಹತ್ತಿ ಸೀನು ಶುರುವಾಯಿತು, ನಿಲ್ಲಲಿಲ್ಲ. ಸಂಜೆಗೆ ಸೆರಗೆಲ್ಲ ರಕ್ತ ಮಾಡಿಕೊಂಡು ವಾಪಸು ಬಂದಳು. ಅವಳ ಹೊಲಿಗೆ ಬಿಚ್ಚಿದ್ದಕ್ಕೆ ನಾವೇ ಕಾರಣ. ಊರು ಯಾವುದೆಂದು ಫೈಲಿನಲ್ಲಿ ಬರೆದುಕೊಂಡಿದ್ದೆವು, ಊರಿನ ಗಾಳಿ ಎಂಥದೆಂದು ಯೋಚಿಸಿರಲಿಲ್ಲ. ಆಮೇಲೆ ನಾನು ಹೇಳಿದೆ: ಬ್ಯಾಡಗಿಯವರಿಗೆ ಮೂಗಿನ ಆಪರೇಷನ್ ಮಳೆಗಾಲದಲ್ಲಿ ಮಾತ್ರ, ಮಾರುಕಟ್ಟೆ ತಣ್ಣಗಾಗಿ, ಘಾಟು ಇಳಿದ ಮೇಲೆ. ದಾವಣಗೆರೆಯಿಂದ ಬಂದ ಡಾಕ್ಟರುಗಳ ಮುಂದೆ ನಮ್ಮ ಡಾಕ್ಟರು, "ಇದು ನಮ್ಮ ಸರೋಜಾ ಸಿಸ್ಟರ್ ಕಾಯ್ದೆ ನೋಡ್ರಿ, ಯಾವ ಪುಸ್ತಕದಾಗೂ ಸಿಗಂಗಿಲ್ಲ" ಎಂದರು. ಆ ಮಾತನ್ನು ನಾನು ಎಷ್ಟು ವರ್ಷ ಮೆಲುಕು ಹಾಕಿದೆನೋ.

ಆಮೇಲೆ ವಿದ್ಯಾ ಬಂದಳು.

ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೇಲಿನ ತರಬೇತಿಯನ್ನೂ ಮುಗಿಸಿದ್ದ ಇಪ್ಪತ್ತೆಂಟರ ಹುಡುಗಿ. ಹಾವೇರಿಯಿಂದ ಮಂಗಳವಾರ, ಗುರುವಾರ ಬಸ್ಸಿನಲ್ಲಿ ಬರುತ್ತಿದ್ದಳು. ಅಂದ ತಿದ್ದಿಸಿಕೊಳ್ಳಲು ಬರುವವರ ಜೊತೆ ಮೊದಲು ಆಕೆ ಮಾತಾಡಬೇಕು, ಆಮೇಲೆ ಆಪರೇಷನ್ ಎಂದು ಡಾಕ್ಟರು ಗೊತ್ತುಮಾಡಿದರು. ಡ್ರೆಸ್ಸಿಂಗ್ ರೂಮಿನ ಪಕ್ಕದ ಸಣ್ಣ ಕೋಣೆ, ನಾನು ಇಪ್ಪತ್ತು ವರ್ಷ ಚಹಾ ಕುಡಿದ ಕೋಣೆ, ಆಕೆಗೆ ಹೋಯಿತು. ಅದಕ್ಕೆ ಹೊಸ ಫ್ಯಾನೂ ಬಂತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಿ.ಎ.ಯಲ್ಲಿ ನನ್ನ ಮೆಚ್ಚಿನ ವಿಷಯ ಮನಃಶಾಸ್ತ್ರ. ಧಾರವಾಡದಲ್ಲಿ ಎಂ.ಎ. ಮಾಡಲು ಅರ್ಜಿ ತುಂಬಿ, ಮೂರು ದಿನ ಟ್ರಂಕಿನಲ್ಲಿ ಇಟ್ಟುಕೊಂಡು, ಕೊನೆಗೆ ಬೇಗ ಕೆಲಸ ಸಿಗುತ್ತದೆಂದು ನರ್ಸಿಂಗ್ ತರಬೇತಿಗೆ ಹೋದವಳು ನಾನು. ವಿದ್ಯಾ ಆ ಕೋಣೆಯಲ್ಲಿ ಕೂತಾಗ ನನ್ನ ಕುರ್ಚಿಯಲ್ಲಿ ಕೂತಂತೆ ಕಾಣುತ್ತಿತ್ತು. ನನಗೆ ಅರ್ಧ ಹೇಳಿ ಹೋಗುತ್ತಿದ್ದ ರೋಗಿಗಳು ಆಕೆಯ ಮುಂದೆ ಅತ್ತು ಪೂರ್ತಿ ಹೇಳಿ ಹೊರಗೆ ಬರುತ್ತಿದ್ದರು. ಆಕೆಯ ಅಕ್ಷರ ಚೆಂದ. ನನ್ನ ಕಡೆ ನೋಡಿ ಕಣ್ಣಲ್ಲೇ ಕೇಳುತ್ತಿದ್ದ ಡಾಕ್ಟರು ಈಗ "ವಿದ್ಯಾ ಏನಂತಾರ ಕೇಳ್ರಿ" ಎನ್ನತೊಡಗಿದರು. ಆಕೆ ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಧ್ಯಾಹ್ನ ಪಕ್ಕದಲ್ಲಿ ಕೂತು ನನ್ನ ಬುತ್ತಿಯ ರೊಟ್ಟಿ ಮುರಿದುಕೊಂಡು, "ಅಕ್ಕಾರ, ಗುರೆಳ್ಳ ಚಟ್ನಿ ಏನ್ ಮಾಡ್ತೀರ್ರಿ, ಕೈ ಮುಗೀಬೇಕು" ಎನ್ನುತ್ತಿದ್ದಳು. ನನಗೆ ಆ ಹೊಗಳಿಕೆಯೂ ಚುಚ್ಚುತ್ತಿತ್ತು. ಚಟ್ನಿಗೆ ನಾನು, ಬುದ್ಧಿಗೆ ಇವಳು ಎಂದು ಒಳಗೇ ಉರಿಯುತ್ತಿದ್ದೆ.

ರೋಗಿಗಳಿಗೆ ಕೊಡುವ ಪ್ರಶ್ನೆಗಳ ಹಾಳೆಯೊಂದು ಆಕೆಯ ಬಳಿ ಇತ್ತು. ಒಂದು ದಿನ ಒಂದನ್ನು ಮನೆಗೆ ಒಯ್ದು ನಾನೇ ತುಂಬಿದೆ. "ಬೇರೆಯವರು ನಿಮ್ಮನ್ನು ಹೇಗೆ ಕಾಣುತ್ತಾರೆ ಎಂಬ ಯೋಚನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತೀರಿ?" ಎಂಬಲ್ಲಿ ಪೆನ್ನು ನಿಂತಿತು. ಆ ಜಾಗ ಖಾಲಿ ಬಿಟ್ಟು ಹಾಳೆಯನ್ನು ಒಲೆಗೆ ಹಾಕಿದೆ.

ಮುಂದಿನ ಮಳೆಗಾಲದಲ್ಲಿ ಈರಣ್ಣ ಬಂದ. ಹೆಸರು ಬದಲಿಸಿದ್ದೇನೆ. ಇಪ್ಪತ್ತೊಂಬತ್ತು ವರ್ಷ, ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಚೀಲಗಳ ತೂಕ ಬರೆಯುವ ಕೆಲಸ. ಜೊತೆಗೆ ತಾಯಿ ಗಿರಿಜವ್ವ. ಮೂಗಿಗೆ ಅಡ್ಡಲಾಗಿ ನೀಲಿ ಕರವಸ್ತ್ರವನ್ನು, ನಮ್ಮ ಕಡೆಯ ದಸ್ತಿಯನ್ನು, ಕಟ್ಟಿಕೊಂಡೇ ಒಳಗೆ ಬಂದ. ದಸ್ತಿ ಬಿಚ್ಚಿದಾಗ ಕಂಡದ್ದು ತುಸು ಡೊಂಕಾದ, ಯಾರೂ ಎರಡನೇ ಸಲ ತಿರುಗಿ ನೋಡದಂಥ ಮೂಗು. ಕನ್ನಡಿ ಕೊಟ್ಟೆ. ಬೆರಳು ನೇರವಾಗಿ ಹೋಗಿ ಮೂಗಿನ ನಡುವಿನ ಉಬ್ಬಿನ ಮೇಲೆ ಕೂತಿತು, ಅಲ್ಲಾಡಲಿಲ್ಲ. ನನ್ನ ಪರೀಕ್ಷೆಯಲ್ಲಿ ಪಾಸಾದ. ಅಷ್ಟು ಸರಿಯಾಗಿ ಬೆರಳಿಡಲು ಅವನು ಎಷ್ಟು ವರ್ಷ ಕನ್ನಡಿ ಮುಂದೆ ನಿಂತಿರಬೇಕು ಎನ್ನುವುದು ನನಗೆ ಹೊಳೆಯಲಿಲ್ಲ.

ವಿದ್ಯಾ ಅವನ ಜೊತೆ ಒಂದೂವರೆ ತಾಸು ಕೂತು ಹೊರಗೆ ಬಂದಳು. "ಅಕ್ಕಾರ, ಆ ದಸ್ತಿ ನೋಡಿದ್ರೇನ್ರಿ?"

"ನೋಡೂದೇನೈತಿ ಅದರಾಗ? ಬ್ಯಾಡಗಿ ಮಂದಿ ಅವ್ರು. ಹುಟ್ಟಿದಾಗಿಂದ ಮೂಗು ಕಟ್ಟಿಕೊಂಡ ಅಡ್ಡಾಡ್ತಾರ. ಪುಸ್ತಕ ಓದಿದ್ರ ಘಾಟು ಗೊತ್ತಾಗಂಗಿಲ್ಲವಾ."

"ಈ ಮಳ್ಯಾಗ ಎಲ್ಲೀ ಘಾಟ್ರಿ? ಅದೂ ರಾಣೆಬೆನ್ನೂರಾಗ?"

"ರೂಢಿ."

"ಮಲಗೂವಾಗೂ ಬಿಚ್ಚಂಗಿಲ್ಲಂತ್ರಿ."

ನಾನು ಹತ್ತಿ ಮಡಿಸತೊಡಗಿದೆ. ಓದುವವರೇ ಗಮನಿಸಿರಿ: ಮಳೆಗಾಲದಲ್ಲಿ ಬ್ಯಾಡಗಿಯಲ್ಲಿ ಘಾಟು ಇರುವುದಿಲ್ಲ ಎನ್ನುವುದು ನನ್ನದೇ ಕಾಯ್ದೆ. ಆ ಕಾಯ್ದೆಯ ಪ್ರಕಾರವೇ ಅವನು ಆ ತಿಂಗಳು ಬಂದಿದ್ದ. ನಾನೇ ಕಂಡುಹಿಡಿದದ್ದನ್ನು, ಅವಳ ಬಾಯಿಂದ ಬಂತೆಂಬ ಒಂದೇ ಕಾರಣಕ್ಕೆ, ಅಲ್ಲಗಳೆದೆ.

ಆ ಗುರುವಾರ ಐದು ಆಪರೇಷನ್ ಇದ್ದವು. ವಿದ್ಯಾ ಅಂದು ರಜೆಯಲ್ಲಿದ್ದಳು. ಈರಣ್ಣನ ಫೈಲು ತೆರೆದೆ. ಮೇಲೆಯೇ ಚೆಂದದ ಅಕ್ಷರ. ರೂಪದ ಬಗ್ಗೆ ಬಲವಾದ ಗೀಳು ಇದೆ. ದಿನದ ಬಹುಪಾಲು ಮೂಗಿನ ಯೋಚನೆ. ಮಂದಿ ನೋಡುತ್ತಾರೆಂದು ಕೆಲಸಕ್ಕೆ ಹೋಗುವುದನ್ನೇ ಬಿಡುತ್ತಿದ್ದಾರೆ. ಈಗ ಆಪರೇಷನ್ ಬೇಡ, ಮೊದಲು ಹಾವೇರಿಯ ಮನೋವೈದ್ಯರಲ್ಲಿ ಚಿಕಿತ್ಸೆ ಆಗಲಿ. ನಾಲ್ಕು ಸಾಲು. "ಬೇಡ" ಎಂಬುದಕ್ಕೆ ಅಡಿಗೆರೆ. ನಾನು ಕಣ್ಣಲ್ಲಿ ಹೇಳುತ್ತಿದ್ದ "ಬೇಡ"ವನ್ನು ಆಕೆ ಬರೆದು ಅಡಿಗೆರೆ ಎಳೆದಿದ್ದಳು. ಹಾಳೆಯನ್ನು ಹಿಂದೆ ಇಟ್ಟೆ.

ಕೈ ತೊಳೆಯುತ್ತಲೇ ಡಾಕ್ಟರು ಕೇಳಿದರು, "ಏನ್ರಿ ಸಿಸ್ಟರ್, ಬ್ಯಾಡಗಿ ಹುಡುಗಂದು ವಿದ್ಯಾ ಏನಂತಾರ?"

"ಒಂದೀಟು ಗಾಬರಿ ಅದಾನಂತ ಬರದಾರ್ರಿ ಸರ್. ಅಷ್ಟ."

"ಗಾಬರಿ ಯಾರಿಗಿಲ್ಲ. ತಗೋರಿ ಒಳಗ."

ಒಳಗೆ ಕರೆದೊಯ್ಯುವಾಗ ಈರಣ್ಣನಿಗೆ "ಏನೂ ಆಗಂಗಿಲ್ಲಪಾ, ನಾ ಅದೀನಿ" ಎಂದೆ. ಆಪರೇಷನ್ ಚಲೋ ಆಯಿತು. ಐರಣಿಯಲ್ಲಿದ್ದ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದು ಬಂದ. ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿ "ಚಲೋ ಆಗೇತ್ರಿ" ಎಂದ. ನನಗೆ ಗೆದ್ದಂತಾಯಿತು. ಅಂದು ಗುರುವಾರ, ವಿದ್ಯಾ ಅವನನ್ನು ವರಾಂಡದಲ್ಲಿ ನೋಡಿ ನೇರವಾಗಿ ತನ್ನ ಕೋಣೆಗೆ ಹೋದಳು. ಡಾಕ್ಟರು ತನ್ನ ಮಾತನ್ನು ಮೀರಿ ಮಾಡಿದ್ದಾರೆಂದು ಆಕೆ ತಿಳಿದಳು. ಆಕೆಯೇ ಒಪ್ಪಿದ್ದಾಳೆಂದು ಡಾಕ್ಟರು ತಿಳಿದಿದ್ದರು. ನಡುವೆ ನಾನು ಗಾಜಿನ ಕಪಾಟು ಒರೆಸುತ್ತಿದ್ದೆ.

ಎರಡು ವಾರಕ್ಕೆ ಈರಣ್ಣ ಮತ್ತೆ ಬಂದ. "ಬಲಗಡೆ ಒಂದ್ ನೂಲು ಹೆಚ್ಚೈತ್ರಿ." ಬಾವು ಇಳಿಯಬೇಕು ಎಂದೆ. ಮುಂದಿನ ವಾರ ಎಡಗಡೆ. ಅದರ ಮುಂದಿನ ವಾರ ಫೋನಿನಲ್ಲಿ ತನ್ನದೇ ಮುಖದ ಫೋಟೊಗಳು, ಎಣಿಸಲಾರದಷ್ಟು. "ಮೊದಲ ಇದ್ದಿದ್ದ ಚಲೋ ಇತ್ತೇನ್ರಿ?" ಎಂದು ಕೇಳಿದ. ದಸ್ತಿ ಮತ್ತೆ ಮೇಲೇರಿತ್ತು. ವಿದ್ಯಾಳ ಬಳಿ ಕಳಿಸಬೇಕಿತ್ತು. ಕಳಿಸಿದರೆ ಹಾಳೆಯ ಸುದ್ದಿ ಏಳುತ್ತದೆಂದು ಪ್ರತಿಸಲವೂ ಮುಲಾಮು ಕೊಟ್ಟು ಮನೆಗೆ ಅಟ್ಟಿದೆ.

ಆಮೇಲೆ ಆ ಮಂಗಳವಾರ. ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಸಾಮಾನು ಜೋಡಿಸುತ್ತಿದ್ದೆ. ವಿದ್ಯಾ ಏನೋ ಕೇಳಲು ಒಳಗೆ ಬಂದಿದ್ದಳು. ಆಕೆಯ ಹಿಂದೆಯೇ ಈರಣ್ಣ ಬಂದು ಬಾಗಿಲು ಹಾಕಿ ಚಿಲಕ ಏರಿಸಿದ. ಟ್ರೇಯಿಂದ ಚೂಪು ಕತ್ತರಿ ಎತ್ತಿಕೊಂಡ. ದಸ್ತಿ ಕೊರಳಿಗೆ ಇಳಿದಿತ್ತು.

"ಸಿಸ್ಟರ್, ಹಳೇ ಮೂಗು ಹಾಕಿಕೊಡ್ರಿ."

ಎಡಗೈಯಿಂದ ಮೂಗು ಮುಟ್ಟಿ ತೋರಿಸಿದ.

"ಮೊದಲಿಗಿಂತ ಹೆಚ್ಚ ನೋಡ್ತಾರ್ರಿ. ಅಂಗಡ್ಯಾಗ, ಬಸ್ನ್ಯಾಗ, ಎಲ್ಲಾರೂ. ನೀವ ಅಂದಿದ್ರಿ, ಏನೂ ಆಗಂಗಿಲ್ಲಪಾ, ನಾ ಅದೀನಿ ಅಂತ. ನೀವು ಹಾಕಿಕೊಡವಲ್ರಿ ಅಂದ್ರ ನಾನ ತಗದ ಒಗೀತೇನಿ."

ಕತ್ತರಿಯ ಒಂದು ತುದಿಯನ್ನು ಮೂಗಿನ ಹೊಳ್ಳೆಯೊಳಗೆ ಏರಿಸಿದ. ಕರೆಗಂಟೆಯ ಗುಂಡಿ ನನ್ನಿಂದ ಮೂರು ಹೆಜ್ಜೆ. ಆ ಮೂರು ಹೆಜ್ಜೆಯನ್ನು ಆಮೇಲೆ ಸಾವಿರ ಸಲ ನಡೆದಿದ್ದೇನೆ, ಹಾಸಿಗೆಯಲ್ಲಿ ಮಲಗಿ. ಅಂದು ಕಾಲು ಏಳಲಿಲ್ಲ.

ವಿದ್ಯಾ ಅವನ ಕಡೆ ಹೋಗಲಿಲ್ಲ. ದನಿ ಏರಿಸಲಿಲ್ಲ. "ಈರಣ್ಣಾರ, ನಾವಿಬ್ರೂ ನಿಮ್ಮನ್ನ ದಿಟ್ಟಿಸಿ ನೋಡಾಕತ್ತೇವಿ. ಅದಕ್ಕ ನಿಮಗ ಇನ್ನೂ ತ್ರಾಸ ಆಗಾಕತ್ತೈತಿ. ತಪ್ಪು ನಮ್ಮದು. ನಾವು ಗ್ವಾಡಿ ಕಡೆ ಮುಖ ಮಾಡ್ತೇವಿ. ನೀವು ಮೊದಲ ದಸ್ತಿ ಕಟ್ಟಿಕೋರಿ. ಆಮೇಲೆ ಮಾತಾಡೂನು. ಅಕ್ಕಾರ, ತಿರಗ್ರಿ."

ಕತ್ತರಿ ಹಿಡಿದವನಿಗೆ ಬೆನ್ನು ಕೊಟ್ಟು ತಿರುಗಿದೆವು. ಸುಣ್ಣದ ಗೋಡೆ, ಅದರ ಮೇಲೊಂದು ಬಿರುಕು. ಹಿಂದೆ ಅವನ ಉಸಿರು. ಅವನು ತನ್ನನ್ನೇ ಕೊಯ್ದುಕೊಳ್ಳುತ್ತಾನೋ, ನಮ್ಮ ಮೇಲೆ ಬೀಳುತ್ತಾನೋ ಗೊತ್ತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಗೋಡೆಯ ಮುಂದೆ ನಿಂತಾಗಲೂ ನನಗೆ ಬಂದ ಯೋಚನೆ, ಇದು ನನಗೆ ಯಾಕೆ ಹೊಳೆಯಲಿಲ್ಲ, ಇವಳಿಗೇ ಯಾಕೆ ಹೊಳೆಯಿತು ಎಂದು. ಜೀವ ಹೋಗುವ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಬಿಡುವು ಕೊಡಲಿಲ್ಲ.

ದಸ್ತಿ ಕಟ್ಟಿಕೊಳ್ಳಲು ಎರಡು ಕೈ ಬೇಕು. ಟ್ರೇಯಲ್ಲಿ ಕಬ್ಬಿಣ ಇಟ್ಟ ಸಪ್ಪಳ ಕೇಳಿತು. ವಿದ್ಯಾ ತಿರುಗಿ ಕತ್ತರಿಗೆ ಕೈ ಹಾಕಿದಳು, ಅದೇ ಕ್ಷಣ ಅವನೂ ಹಾಕಿದ. ಆಕೆ ಬಿಡಲಿಲ್ಲ. ಅಂಗೈ ಸೀಳಿತು. ರಕ್ತ ಕಂಡ ಕೂಡಲೇ ಅವನು ನೆಲಕ್ಕೆ ಕುಸಿದು, ಕಟ್ಟಿದ ದಸ್ತಿಯೊಳಗೆ, "ಅಕ್ಕಾರ, ತಪ್ಪಾತ್ರಿ, ತಪ್ಪಾತ್ರಿ" ಎಂದು ಅಳತೊಡಗಿದ. ಹೊರಗೆ ಗಿರಿಜವ್ವ ಬಾಗಿಲು ಬಡಿಯುತ್ತಿದ್ದಳು. ಚಿಲಕ ತೆಗೆದದ್ದಷ್ಟೇ ಅಂದು ನಾನು ಮಾಡಿದ ಕೆಲಸ.

ಡಾಕ್ಟರು ವಿದ್ಯಾಳ ಅಂಗೈಗೆ ಏಳು ಹೊಲಿಗೆ ಹಾಕುತ್ತ, ಗಾಬರಿಯಲ್ಲಿ ಬೈದರು. "ಇಷ್ಟು ಇದ್ದಾಗ ಗಟ್ಟ್ಯಾಗಿ ಬರೀಬೇಕಿಲ್ಲೇನವಾ? ಒಂದೀಟು ಗಾಬರಿ ಅಂತ ಬರದ್ರ ನಾ ಏನ್ ತಿಳ್ಕೊಳ್ಳಿ?"

ಆಕೆ ನನ್ನನ್ನು ನೋಡಿದಳು. ನಾನು ದಾರ ಕತ್ತರಿಸುತ್ತಿದ್ದೆ.

ಗುರುವಾರ ಆಕೆಯ ಡ್ರೆಸ್ಸಿಂಗ್ ಬದಲಿಸುವಾಗ, ಕೈ ನನ್ನ ಕೈಯಲ್ಲಿದ್ದಾಗಲೇ ಕೇಳಿದಳು, "ನನ್ನ ಹಾಳಿ ಎಲ್ಲಿತ್ರಿ ಅಕ್ಕಾರ?"

"ರಕ್ತದ ರಿಪೋರ್ಟಿನ ಹಿಂದ."

"ತಾನಾಗೇ ಹೋಗಿತ್ತೇನು?"

"ಇಲ್ಲವಾ. ನಾನ ಇಟ್ಟೆ."

ಅಂಗೈಯ ಹೊಲಿಗೆಗಳನ್ನು ನೋಡಿದಳು. "ನಾ ನಿಮಗ ಏನ್ ಮಾಡಿದ್ನಿರಿ?"

"ಏನೂ ಮಾಡಿಲ್ಲ. ನೀ ಕಲಿತದ್ದು ನಾ ಕಲೀಬೇಕಿತ್ತು."

ಇಷ್ಟು ಹೇಳಿದರೆ ಕರಗುತ್ತಾಳೆಂದು ಒಳಗೆಲ್ಲೋ ಆಸೆ ಇತ್ತು. ಆಕೆ ಕರಗಲಿಲ್ಲ. "ನನ್ನ ಮುಂದ ಹೇಳಿ ಹಗರಾದ್ರ ಆಗಲಿಲ್ರಿ. ಸರ್‌ಗೆ ಹೇಳ್ರಿ. ಆ ತಾಯಿಗೆ ಹೇಳ್ರಿ" ಎಂದು ಕೈ ಎಳೆದುಕೊಂಡು, ಉಳಿದ ಬ್ಯಾಂಡೇಜನ್ನು ಎಡಗೈಯಿಂದ ತಾನೇ ಸುತ್ತಿಕೊಂಡಳು. ಅಂದಿನಿಂದ ನನ್ನ ಬುತ್ತಿಗೆ ಕೈ ಹಾಕಲಿಲ್ಲ.

ಡಾಕ್ಟರಿಗೆ ಅಂದೇ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, "ಫೈಲ್ ತಿರುವಿ ನೋಡೂದು ನನ್ನ ಕೆಲಸ ಇತ್ತು. ನಿಮ್ಮ ಬಾಯಿ ನಂಬಿದೆ" ಎಂದರು. ತೆಗೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮರುದಿನದಿಂದ ಹೊಸ ಪದ್ಧತಿ: ಮಾತಾಡಿಸಿದವರೇ ಡಾಕ್ಟರ ಎದುರು ಬಂದು ಹೇಳಬೇಕು, ಅವರ ಹಾಳೆಯ ಮೇಲೇ ಡಾಕ್ಟರು ಸಹಿ ಮಾಡಬೇಕು, ನಡುವೆ ಯಾರೂ ಇಲ್ಲ. ಹೊಸಬರೇ, ನಿಮ್ಮ ಆಸ್ಪತ್ರೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ಕೇಳಿ ಮಾಡಿಸಿರಿ. ರೋಗಿಯ ಮನಸ್ಸಿನ ಬಗ್ಗೆ ಪ್ರಶ್ನೆಗಳ ಹಾಳೆ ಇದೆ. ಫೈಲು ಹಿಡಿದವರ ಮನಸ್ಸಿಗೆ ಅಂಥದ್ದೊಂದು ಇಲ್ಲ.

ಈರಣ್ಣನನ್ನು ಹಾವೇರಿಯ ಮನೋವೈದ್ಯರಿಗೆ ತೋರಿಸಿದರು. ಗುಳಿಗೆ, ವಾರಕ್ಕೊಮ್ಮೆ ಮಾತು. ವಿದ್ಯಾ ಅಲ್ಲಿಗೂ ಹೋಗಿ ಅವನನ್ನು ಕಾಣುತ್ತಿದ್ದಳಂತೆ. ನಿಧಾನಕ್ಕೆ ಅವನು ಅರ್ಧ ದಿನ ಅಂಗಡಿಗೆ ಹೋಗತೊಡಗಿದ. ಕತ್ತರಿಯ ದಿನ ಕಳೆದು ಏಳು ತಿಂಗಳಿಗೆ ನಾನು ನಿವೃತ್ತಳಾದೆ. ಶಾಲು ಹೊದಿಸಿದರು. ವಿದ್ಯಾ ಆ ಸಭೆಗೆ ಬರಲಿಲ್ಲ. ಈಗ ಆಕೆ ಧಾರವಾಡದಲ್ಲಿ ಪಾಠ ಹೇಳುತ್ತಾಳೆ. ಆ ಸುದ್ದಿ ಕೇಳಿದಾಗಲೂ ಎದೆಯಲ್ಲಿ ಹಳೆಯದೇ ಜಾಗ ಉರಿಯಿತು. ಅದು ಹೋಗುವ ಕಾಯಿಲೆಯಲ್ಲ, ಗುರುತಿಟ್ಟುಕೊಳ್ಳಬೇಕಾದ ಕಾಯಿಲೆ.

ನಿದ್ದೆ ಮಾತ್ರ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎದುರಿಗೆ ಗೋಡೆ, ಬೆನ್ನ ಹಿಂದೆ ಉಸಿರು. ಮಗ್ಗುಲಾಗಲೂ ಹೆದರಿಕೆ, ಹಿಂದೆ ಯಾರೋ ಇದ್ದಾರೆ. ಆ ತಾಯಿಗೆ ಹೇಳುವುದೊಂದು ಉಳಿದಿತ್ತು.

ಒಂದು ಶನಿವಾರ ಬ್ಯಾಡಗಿಗೆ ಹೋದೆ. ಮಾರುಕಟ್ಟೆಯ ದಿನಗಳು, ಬಸ್ಸಿನಿಂದ ಇಳಿಯುತ್ತಲೇ ಸೀನಿದೆ. ಗಿರಿಜವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಬರ್ರಿ ಸಿಸ್ಟರ್, ಕುಂದರ್ರಿ. ಅಂವ ಅಂಗಡಿಗೆ ಹೋಗ್ಯಾನ" ಎಂದು ಸಂತೋಷದಿಂದಲೇ ಚಹಾಕ್ಕೆ ಎದ್ದಳು. ಬೇಡ, ಮೊದಲು ಕೇಳು ಎಂದು ಕೂರಿಸಿ ಎಲ್ಲವನ್ನೂ ಹೇಳಿದೆ. ಹಾಳೆ, ಹತ್ತು ಗಂಟೆ ಹತ್ತು ನಿಮಿಷ, ಡಾಕ್ಟರಿಗೆ ಹೇಳಿದ ಸುಳ್ಳು. ಯಾಕೆ ಎಂದೂ ಹೇಳಿದೆ.

ಆಕೆಯ ಕೈ ತೊಟ್ಟಿನ ಮೇಲೇ ನಿಂತಿತ್ತು.

"ಸಣ್ಣಾಂವ ಇದ್ದಾಗ ನಾನ ಇವಂಗ ಗಿಣಿಮೂಗಾ, ಗಿಣಿಮೂಗಾ ಅಂತ ಕರದೆ. ಪ್ರೀತೀಲೆ ಕರದದ್ದು. ಅದ ಅವನ ತಲ್ಯಾಗ ಹೊಕ್ಕು ಹಿಂಗಾತು ಅಂತ ಇಷ್ಟು ದಿನ ನನ್ನ ಬಾಯಿ ನಾನ ಬಡಕೊಂಡೇನಿ. ಹಡದಾಕಿ ನಾನ ಮಗನ್ನ ಕೆಡಿಸಿದೆ ಅಂತ. ನೀ ಈಗ ಬಂದು ಹೇಳ್ತೀ?" ನೀವು ಹೋಗಿ ನೀ ಆಗಿತ್ತು. "ಏಳ. ನನ್ನ ಪಡಸಾಲಿಯಿಂದ ಏಳ ಮೊದಲ."

ಎದ್ದೆ. ಆಕೆ ಕಣ್ಣು ಒರೆಸಿಕೊಳ್ಳಲೂ ಆಗದೆ ಮೆಣಸಿನಕಾಯಿಯ ಕೈಗಳನ್ನು ಎರಡೂ ಕಡೆ ಚಾಚಿಕೊಂಡು ಕೂತಿದ್ದಳು. ಹಿಂದಿನಿಂದ ಬಾಗಿಲು ಹಾಕಿದ ಸಪ್ಪಳ ಕೇಳಿತು. ನಾನು ತಿರುಗಲಿಲ್ಲ.

ಅಂದು ರಾಣೆಬೆನ್ನೂರಿಗೆ ಬಂದು, ಒಂದು ರೊಟ್ಟಿ ತಿಂದು ಮಲಗಿದವಳಿಗೆ ಎಚ್ಚರವಾದದ್ದು ಹಾಲಿನವನು ಕೂಗಿದಾಗ. ಗೋಡೆ ಬರಲಿಲ್ಲ, ಉಸಿರು ಬರಲಿಲ್ಲ. ಗಿರಿಜವ್ವ ಆ ರಾತ್ರಿ ಮಲಗಿದಳೋ ಇಲ್ಲವೋ ನನಗೆ ತಿಳಿಯದು. ನಾನು ಮಲಗಿದೆ.